ಮೇರಿ ಬರ್ಡ್ ಹೆಸರಿನ ನೆಲ, ಯಾರಿಗೂ ಸೇರದ ಹಿಮ

(ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತೆರೆಯ ಮೇಲೆ ಅಂಟಾರ್ಕ್ಟಿಕಾದ ನಕ್ಷೆ ಇದೆ. ನಡುವೆ ದಕ್ಷಿಣ ಧ್ರುವ. ಅಲ್ಲಿಂದ ಅಂಚಿನವರೆಗೆ ಗೆರೆ ಎಳೆದು ಏಳು ದೇಶಗಳು ಪಾಲು ಹಾಕಿಕೊಂಡಿವೆ. ಅರ್ಜೆಂಟೀನಾ, ಚಿಲಿ, ಬ್ರಿಟನ್, ನಾರ್ವೆ, ಆಸ್ಟ್ರೇಲಿಯಾ, ಫ್ರಾನ್ಸ್, ನ್ಯೂಜಿಲೆಂಡ್. ಕೆಲವು ಕಡೆ ಮೂರು ದೇಶಗಳ ಬಣ್ಣ ಒಂದರ ಮೇಲೊಂದು ಬಿದ್ದಿದೆ. ಈಗ ಎಡಗಡೆ ಕೆಳಗೆ ನೋಡಿ. 90 ಡಿಗ್ರಿ ಪಶ್ಚಿಮ ರೇಖಾಂಶದಿಂದ 150 ಡಿಗ್ರಿವರೆಗಿನ ತುಂಡಿಗೆ ಬಣ್ಣವೇ ಇಲ್ಲ. ಮುದ್ರಣದ ತಪ್ಪಲ್ಲ. ಅದು ಯಾರಿಗೂ ಸೇರಿಲ್ಲ.

ಆ ತುಂಡಿನ ಬಹುಭಾಗದ ಹೆಸರು ಮೇರಿ ಬರ್ಡ್ ಲ್ಯಾಂಡ್. ವಿಸ್ತೀರ್ಣ ಸುಮಾರು 16 ಲಕ್ಷ ಚದರ ಕಿ.ಮೀ., ಹೆಚ್ಚೂಕಡಿಮೆ ಅರ್ಧ ಭಾರತ. ಯಾವ ದೇಶವೂ ‘ನಮ್ಮದು’ ಅನ್ನದೆ ಬಿಟ್ಟಿರುವ ನೆಲಗಳಲ್ಲಿ ಭೂಮಿಯ ಮೇಲೆ ಇದೇ ದೊಡ್ಡದು. ನಮ್ಮಲ್ಲಿ ಗೇಣು ಜಾಗಕ್ಕೆ ಅಣ್ಣ ತಮ್ಮಂದಿರು ತಲೆಮಾರುಗಟ್ಟಲೆ ಕೋರ್ಟು ಹತ್ತುತ್ತಾರೆ. ಅಲ್ಲಿ ಇಷ್ಟು ನೆಲ ವಾರಸುದಾರರಿಲ್ಲದೆ ಬಿದ್ದಿದೆ. ಯಾಕೆ ಬಿಟ್ಟರು? ಈ ಮೇರಿ ಯಾರು? ಯಾರಿಗೂ ಬೇಡವಾಗಿದ್ದ ಈ ಜಾಗದ ಮೇಲೆ ಈಗ ಇಡೀ ಪ್ರಪಂಚದ ಕಣ್ಣು ಯಾಕೆ ಬಿದ್ದಿದೆ? ಇವತ್ತಿನ ಮಾತು ಇಷ್ಟರ ಬಗ್ಗೆಯೇ.

ಮೊದಲು ಅಲ್ಲಿಗೆ ಹೋಗುವ ಕಷ್ಟ ನೋಡೋಣ. 1774ರ ಜನವರಿ 30. ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಹಡಗನ್ನು ದಕ್ಷಿಣಕ್ಕೆ ನುಗ್ಗಿಸುತ್ತಾ 71 ಡಿಗ್ರಿ 10 ನಿಮಿಷದ ಅಕ್ಷಾಂಶ ಮುಟ್ಟಿದ. ಅಲ್ಲಿಯವರೆಗೆ ಯಾರೂ ಅಷ್ಟು ದಕ್ಷಿಣಕ್ಕೆ ಹೋಗಿರಲಿಲ್ಲ. ಎದುರಿಗೆ ಹಿಮದ ಬಯಲು. ಅದರೊಳಗೆ 97 ಹಿಮದ ಗುಡ್ಡಗಳನ್ನು ಎಣಿಸಿ ದಿನಚರಿಯಲ್ಲಿ ಬರೆದುಕೊಂಡ. ನಂತರ ಹಡಗು ತಿರುಗಿಸಿದ. ಅವನು ನಿಂತಿದ್ದ ರೇಖಾಂಶ 106 ಡಿಗ್ರಿ 54 ನಿಮಿಷ ಪಶ್ಚಿಮ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಅದೇ ಗೆರೆ ಹಿಡಿದು ಇನ್ನೂ ನಾಲ್ಕೈದು ನೂರು ಕಿ.ಮೀ. ಹೋಗಿದ್ದರೆ ಅವನ ಹಡಗು ಥ್ವೇಟ್ಸ್ ಅನ್ನುವ ಹಿಮನದಿಯ ಬಾಯಿಗೆ ಹೋಗಿ ನಿಲ್ಲುತ್ತಿತ್ತು. ಅದರ ಕಥೆ ಆಮೇಲೆ ಬರುತ್ತದೆ.

ಕುಕ್‌ನನ್ನು ತಡೆದದ್ದು ಅಮುಂಡ್ಸೆನ್ ಸಮುದ್ರದ ಹಿಮ. ಮುಂದಿನ ನೂರೈವತ್ತು ವರ್ಷ ಅದು ಬಹುತೇಕ ಎಲ್ಲರನ್ನೂ ತಡೆಯಿತು. ಒಂದು ಕಡೆ ರಾಸ್ ಸಮುದ್ರ, ಇನ್ನೊಂದು ಕಡೆ ದಕ್ಷಿಣ ಅಮೆರಿಕದತ್ತ ಚಾಚಿದ ಪರ್ಯಾಯ ದ್ವೀಪ. ಎರಡೂ ಕಡೆ ಹಡಗು ಹೋದವು, ಬಾವುಟ ನೆಟ್ಟರು, ಸತ್ತರು, ಹೆಸರು ಮಾಡಿದರು. ನಡುವಿನ ಈ ಕರಾವಳಿಗೆ ಮಾತ್ರ ಹಡಗಿನಿಂದ ದಾರಿ ಸಿಗಲಿಲ್ಲ. ಕಡೆಗೆ ದಾರಿ ಸಿಕ್ಕಿದ್ದು ವಿಮಾನದಿಂದ.

ರಿಚರ್ಡ್ ಬರ್ಡ್ ಅಮೆರಿಕದ ನೌಕಾಪಡೆಯ ಅಧಿಕಾರಿ. ವಿಮಾನದ ಹುಚ್ಚು, ಅದರ ಜೊತೆ ಪ್ರಚಾರದ ಕಲೆಯೂ ಚೆನ್ನಾಗಿ ಗೊತ್ತಿತ್ತು. 1926ರಲ್ಲಿ ಉತ್ತರ ಧ್ರುವದ ಮೇಲೆ ಹಾರಿ ಬಂದೆ ಅಂದ. ಅದರ ಬಗ್ಗೆ ಇವತ್ತಿಗೂ ತಕರಾರಿದೆ. ದಕ್ಷಿಣದ ವಿಷಯದಲ್ಲಿ ತಕರಾರಿಲ್ಲ. 1928ರಿಂದ 1930ರವರೆಗೆ ರಾಸ್ ಹಿಮಹಾಸಿನ ಮೇಲೆ ‘ಲಿಟಲ್ ಅಮೆರಿಕ’ ಅನ್ನುವ ಬಿಡಾರ ಕಟ್ಟಿ ಕೂತ. 1929ರ ನವೆಂಬರ್ 29ರಂದು ಅವನ ತಂಡದ ಫೋರ್ಡ್ ವಿಮಾನ ದಕ್ಷಿಣ ಧ್ರುವದ ಮೇಲೆ ಹಾರಿತು. ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿ. ನನಗೆ ಜಾಸ್ತಿ ಆಸಕ್ತಿ ಇರುವುದು ಅದೇ ವರ್ಷ ಪೂರ್ವಕ್ಕೆ ಮಾಡಿದ ಹಾರಾಟಗಳಲ್ಲಿ. ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. ಕಿಟಕಿಯ ಕೆಳಗೆ ಹೊಸ ಪರ್ವತಗಳು, ಕೊನೆಯಿಲ್ಲದ ಹಿಮ. ಆ ನೆಲಕ್ಕೆ ಅವನು ಹೆಂಡತಿಯ ಹೆಸರಿಟ್ಟ.

ಮೇರಿ ಏಮ್ಸ್ ಬಾಸ್ಟನ್ನಿನವಳು. 1915ರಲ್ಲಿ ಇವರ ಮದುವೆ. ನಾಲ್ಕು ಮಕ್ಕಳು. ಗಂಡ ಒಂದೊಂದು ಯಾತ್ರೆಗೆ ಎರಡೆರಡು ವರ್ಷ ಹೋಗಿಬಿಡುತ್ತಿದ್ದ. ಮನೆ ನೋಡಿಕೊಂಡವಳು ಅವಳು. ಅರ್ಧ ಭಾರತದಷ್ಟು ಹಿಮ ಆ ಲೆಕ್ಕಕ್ಕೆ ಸರಿಹೋಯಿತೋ ಇಲ್ಲವೋ, ಅದು ಅವರಿಬ್ಬರ ವಿಷಯ.

ಹೆಂಡತಿಯ ಹೆಸರಿಡುವುದು ಧ್ರುವ ಪ್ರದೇಶದಲ್ಲಿ ಹೊಸದೇನಲ್ಲ. 1840ರಲ್ಲಿ ಫ್ರೆಂಚ್ ನಾವಿಕ ದ್ಯುಮಾಂ ದ್ಯುರ್ವಿಲ್ ತಾನು ಕಂಡ ಕರಾವಳಿಗೆ ಹೆಂಡತಿ ಅದೆಲ್ ಹೆಸರಿಟ್ಟ. ಅಡೇಲಿ ಪೆಂಗ್ವಿನ್ ಅಂತ ಓದಿರುತ್ತೀರಲ್ಲ, ಅದು ಆಕೆಯ ಹೆಸರೇ. ನಮ್ಮ ದೇಶದ ಎರಡು ನೆಲೆಗಳನ್ನು ನೋಡಿ. ಮೈತ್ರಿ ಇರುವುದು ನಾರ್ವೆಯ ರಾಣಿ ಮೌಡ್ ಹೆಸರಿನ ಕ್ವೀನ್ ಮೌಡ್ ಲ್ಯಾಂಡಿನಲ್ಲಿ. ಭಾರತಿ ಇರುವುದು ಇಂಗ್ರಿಡ್ ಕ್ರಿಸ್ಟೆನ್ಸೆನ್ ಕರಾವಳಿಯಲ್ಲಿ. ಇಂಗ್ರಿಡ್ ನಾರ್ವೆಯ ತಿಮಿಂಗಿಲ ಬೇಟೆ ಹಡಗುಗಳ ಒಡೆಯನ ಹೆಂಡತಿ, ಅಂಟಾರ್ಕ್ಟಿಕಾವನ್ನು ಕಣ್ಣಾರೆ ಕಂಡ ಮೊದಲ ಕೆಲವೇ ಹೆಂಗಸರಲ್ಲಿ ಒಬ್ಬಳು. ಖಂಡದ ತುಂಬ ಹೆಂಗಸರ ಹೆಸರು. ಆದರೆ ಬಹಳ ಕಾಲ ಹೆಂಗಸರನ್ನು ಅಲ್ಲಿಗೆ ಬಿಟ್ಟುಕೊಳ್ಳಲಿಲ್ಲ. ಅಮೆರಿಕದ ಕಾರ್ಯಕ್ರಮದಲ್ಲೇ ಮಹಿಳಾ ವಿಜ್ಞಾನಿಗಳು ಹಿಮದ ಮೇಲೆ ಕೆಲಸ ಶುರುಮಾಡಿದ್ದು 1969ರಲ್ಲಿ.

ದೊಡ್ಡ ಹೆಸರು ಹೆಂಡತಿಗೆ ಹೋಯಿತು. ಮಿಕ್ಕ ಹೆಸರುಗಳು? ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಇದು ನನಗೆ ತುಂಬ ಇಷ್ಟವಾದ ಭಾಗ. ಬರ್ಡ್‌ನ ಮೊದಲೆರಡು ಯಾತ್ರೆಗಳು ಸರ್ಕಾರದ್ದಲ್ಲ. ಚಂದಾ ಎತ್ತಿ ಮಾಡಿದ್ದು. ನಕ್ಷೆಯ ಮೇಲೆ ಆ ಚಂದಾ ಪಟ್ಟಿಯೇ ಇದೆ. ಎಡ್ಸೆಲ್ ಫೋರ್ಡ್ ದುಡ್ಡು ಕೊಟ್ಟ. ಎಡ್ಸೆಲ್ ಫೋರ್ಡ್ ಪರ್ವತಗಳಾದವು. ರಾಕ್‌ಫೆಲರ್ ಕೊಟ್ಟ, ಬೆಟ್ಟಕ್ಕೂ ಪ್ರಸ್ಥಭೂಮಿಗೂ ಅವನ ಹೆಸರು ಬಂತು. ಷಿಕಾಗೋದ ಔಷಧಿ ಅಂಗಡಿಗಳ ಮಾಲೀಕನ ಹೆಸರಿನಲ್ಲಿ ವಾಲ್‌ಗ್ರೀನ್ ಕರಾವಳಿ. ಬಿಯರ್ ತಯಾರಕ, ನ್ಯೂಯಾರ್ಕಿನ ಬೇಸ್‌ಬಾಲ್ ತಂಡದ ಒಡೆಯ ಜೇಕಬ್ ರೂಪರ್ಟ್ ಹೆಸರಿನಲ್ಲಿ ಇನ್ನೊಂದು ಕರಾವಳಿ.

ನಮಗೆಲ್ಲ ಗೊತ್ತಿರುವ ಒಂದು ಹೆಸರೂ ಇದೆ. ಹಾರ್ಲಿಕ್ಸ್! ನಗಬೇಡಿ. ಜ್ವರ ಬಂದವರನ್ನು ನೋಡಲು ಹೋಗುವಾಗ ಬಾಟಲಿ ಹಿಡಿದುಕೊಂಡು ಹೋಗುತ್ತಿದ್ದೆವಲ್ಲ, ಅದೇ. ಹಾರ್ಲಿಕ್ ಅನ್ನುವುದು ಅಣ್ಣತಮ್ಮಂದಿರಿಬ್ಬರ ಮನೆತನದ ಹೆಸರು. ಅವರಲ್ಲಿ ವಿಲಿಯಂ ಹಾರ್ಲಿಕ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾಲ್ಟ್ ಹಾಲಿನ ಪುಡಿ ಮಾಡುತ್ತಿದ್ದ. 1933–35ರ ಎರಡನೇ ಯಾತ್ರೆಗೆ ಅವನು ನೆರವು ಕೊಟ್ಟ. ಬರ್ಡ್ ತನ್ನ ದೊಡ್ಡ ವಿಮಾನಕ್ಕೆ ‘ವಿಲಿಯಂ ಹಾರ್ಲಿಕ್’ ಅಂತ ಹೆಸರಿಟ್ಟ. ಧ್ರುವದ ಕಡೆಯ ಒಂದು ಪರ್ವತ ಸಾಲು ಹಾರ್ಲಿಕ್ ಪರ್ವತಗಳಾಯಿತು. 1934ರ ನವೆಂಬರ್ 18ರ ಹಾರಾಟದಲ್ಲಿ ಕಂಡ ಒಂದು ಭಾರಿ ಬೆಟ್ಟಕ್ಕೆ ಹಾರ್ಲಿಕ್‌ನ ಮಗಳ ಹೆಸರು ಹೋಯಿತು. ಅದೇ ಮೌಂಟ್ ಸಿಡ್ಲಿ. ನಾಲ್ಕು ಕಿ.ಮೀ.ಗೂ ಎತ್ತರ, ಅಂಟಾರ್ಕ್ಟಿಕಾದ ಅತಿ ಎತ್ತರದ ಜ್ವಾಲಾಮುಖಿ. ಅದು ನಿಂತಿರುವ ಸಾಲಿನ ಹೆಸರು ಇನ್ನೂ ಚೆನ್ನಾಗಿದೆ: ಎಕ್ಸಿಕ್ಯುಟಿವ್ ಕಮಿಟಿ ರೇಂಜ್. ಹೌದು, ‘ಕಾರ್ಯಕಾರಿ ಸಮಿತಿ’ ಪರ್ವತಶ್ರೇಣಿ. ಬರ್ಡ್‌ನ ಮೂರನೇ ಯಾತ್ರೆಯನ್ನು ಸರ್ಕಾರ ವಹಿಸಿಕೊಂಡಿತು, ಸಮಿತಿ ಬಂತು, ಸಮಿತಿಯವರಿಗೆಲ್ಲ ಒಂದೊಂದು ಬೆಟ್ಟ ಬಂತು.

ಹಾಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಎರಡನೇ ಯಾತ್ರೆಯಲ್ಲಿ ಬರ್ಡ್ ಮೂರು ಗರ್ನ್‌ಸಿ ಹಸುಗಳನ್ನೂ ಹಡಗು ಹತ್ತಿಸಿದ್ದ. ದಾರಿಯಲ್ಲೇ ಒಂದು ಹಸು ಗಂಡು ಕರು ಹಾಕಿತು. ಅದಕ್ಕೆ ‘ಐಸ್‌ಬರ್ಗ್’ ಅಂತ ಹೆಸರಿಟ್ಟರು. ಹಿಮದಲ್ಲಿ ಕೊಟ್ಟಿಗೆ ಕಟ್ಟಿ ಹಾಲು ಕರೆದರು. ಹಾಲಿಗಿಂತ ಅದರಿಂದ ಸಿಕ್ಕ ಸುದ್ದಿ ಜಾಸ್ತಿ ಇದ್ದಿರಬೇಕು ಅಂತ ನನ್ನ ಅನುಮಾನ.

ಹೀಗೆ ದುಡ್ಡು ಕೊಟ್ಟವರ ಹೆಸರನ್ನು ಬೆಟ್ಟಕ್ಕೆ ಇಡುವುದು ಕೆಲವರಿಗೆ ಅಗ್ಗದ ಕೆಲಸ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಮೂಲನಿವಾಸಿಗಳು ಯಾರೂ ಇರಲಿಲ್ಲ, ಹಳೆಯ ಹೆಸರನ್ನು ಅಳಿಸಿ ಬರೆದದ್ದಲ್ಲ. ರಾಜರ ಹೆಸರಿಡುವುದಕ್ಕಿಂತ ಬಿಲ್ಲು ಕಟ್ಟಿದವನ ಹೆಸರಿಡುವುದು ಪ್ರಾಮಾಣಿಕ, ಅಲ್ವಾ?

ಇನ್ನು ಯಾರೂ ಯಾಕೆ ಹಕ್ಕು ಹೇಳಲಿಲ್ಲ ಅನ್ನುವ ವಿಷಯ. ಹೇಳಲೇ ಇಲ್ಲ ಅಂತಲ್ಲ. ಬರ್ಡ್‌ನ ಮೊದಲ ಯಾತ್ರೆಯಲ್ಲಿ ಲಾರೆನ್ಸ್ ಗೌಲ್ಡ್ ಅನ್ನುವ ಭೂವಿಜ್ಞಾನಿ ಇದ್ದ. ಅವನ ತಂಡ ನಾಯಿಗಾಡಿಗಳಲ್ಲಿ 85 ಡಿಗ್ರಿ ದಕ್ಷಿಣದವರೆಗೆ ಹೋಗಿ ಕಲ್ಲು ಸಂಗ್ರಹಿಸುತ್ತಿತ್ತು. 1929ರ ಡಿಸೆಂಬರಿನಲ್ಲಿ ಅವರು 150ನೇ ರೇಖಾಂಶ ದಾಟಿ ಪೂರ್ವಕ್ಕೆ ಹೋದರು. ಆ ಗೆರೆಗೆ ಅರ್ಥವಿತ್ತು. 1923ರಲ್ಲೇ ಬ್ರಿಟನ್ ರಾಸ್ ಸಮುದ್ರದ ಭಾಗವನ್ನು ನ್ಯೂಜಿಲೆಂಡಿನ ಸುಪರ್ದಿಗೆ ಬಿಟ್ಟಿತ್ತು. ಅದರ ಪೂರ್ವದ ಗಡಿ 150 ಡಿಗ್ರಿ. ಅದನ್ನು ದಾಟಿದರೆ ಯಾರ ಜಮೀನೂ ಅಲ್ಲ. ಗೌಲ್ಡ್ ಒಂದು ಗುಡ್ಡ ಹತ್ತಿದ, ಕಲ್ಲುಗುಪ್ಪೆ ಕಟ್ಟಿದ, ಅದರೊಳಗೆ ಒಂದು ಚೀಟಿ ಇಟ್ಟ. ನಾವು 150ರ ಗೆರೆಯ ಪೂರ್ವಕ್ಕಿದ್ದೇವೆ, ಇದು ಮೇರಿ ಬರ್ಡ್ ಲ್ಯಾಂಡಿನ ಭಾಗ, ಬರ್ಡ್ ಹೆಸರಿನಲ್ಲಿ ಅಮೆರಿಕಕ್ಕೆ ಸೇರಿದ್ದು ಅಂತ ಘೋಷಿಸುತ್ತೇವೆ ಎಂಬುದು ಅದರ ಸಾರ.

ಸುತ್ತ ನೂರಾರು ಮೈಲಿ ಒಂದು ನರಪಿಳ್ಳೆ ಇಲ್ಲ. ಚಳಿಯಲ್ಲಿ ಮರಗಟ್ಟಿದ ಕೈಯಲ್ಲಿ ಒಂದು ಕ್ರಯಪತ್ರ ಬರೆದು ಕಲ್ಲಿನ ಕೆಳಗೆ ಇಟ್ಟು ಬಂದ ಆ ದೃಶ್ಯ ನನಗೆ ತುಂಬ ಹಿಡಿಸುತ್ತದೆ.

ಆದರೆ ವಾಷಿಂಗ್ಟನ್ ಆ ಚೀಟಿಯನ್ನು ಎತ್ತಿಕೊಳ್ಳಲಿಲ್ಲ. 1924ರಲ್ಲೇ ಅಮೆರಿಕದ ವಿದೇಶಾಂಗ ಮಂತ್ರಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಒಂದು ನಿಲುವು ತಳೆದಿದ್ದ. ನೋಡಿದ ಮಾತ್ರಕ್ಕೆ ನೆಲ ನಿಮ್ಮದಾಗುವುದಿಲ್ಲ, ಅಲ್ಲಿ ನೆಲೆಸಬೇಕು. ಈ ಮಾತನ್ನು ಬೇರೆಯವರ ಮೇಲೆ ಹೇರಿದ ಮೇಲೆ ತಾವು ಮುರಿಯುವುದು ಕಷ್ಟ. ಹಾಗಾಗಿ ಅಮೆರಿಕ ಬೇರೆ ದೇಶಗಳ ಹಕ್ಕನ್ನೂ ಒಪ್ಪಲಿಲ್ಲ, ತಾನೂ ಅಧಿಕೃತವಾಗಿ ಹೇಳಲಿಲ್ಲ. ‘ಮುಂದೆ ಬೇಕಾದರೆ ಹೇಳುತ್ತೇವೆ’ ಅಂತ ಕಿಸೆಯಲ್ಲಿ ಇಟ್ಟುಕೊಂಡಿತು. ಬೇರೆಯವರಿಗೂ ಅಲ್ಲಿಗೆ ಹೋಗುವ ದಾರಿ ಇರಲಿಲ್ಲ. ಹೀಗೆ ಒಬ್ಬರ ಜಾಣತನದಿಂದಲೂ ಉಳಿದವರ ಅಸಾಧ್ಯದಿಂದಲೂ ಆ ತುಂಡು ಬಣ್ಣವಿಲ್ಲದೆ ಉಳಿಯಿತು.

1959ರ ಡಿಸೆಂಬರ್ 1ರಂದು 12 ದೇಶಗಳು ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. 1961ರಿಂದ ಜಾರಿ. ಅದರ ನಾಲ್ಕನೇ ವಿಧಿ ಹಳೆಯ ಹಕ್ಕುಗಳನ್ನು ಇದ್ದಲ್ಲೇ ನಿಲ್ಲಿಸಿತು, ಹೊಸದನ್ನು ನಿಷೇಧಿಸಿತು. ಇಲ್ಲಿ ನಮ್ಮ ದೇಶದ ಒಂದು ಮಾತು ಬರುತ್ತದೆ, ಪಠ್ಯಪುಸ್ತಕಗಳಲ್ಲಿ ಇದು ಹೆಚ್ಚು ಕಾಣುವುದಿಲ್ಲ. 1956ರಲ್ಲೇ ಭಾರತ ವಿಶ್ವಸಂಸ್ಥೆಯಲ್ಲಿ ಅಂಟಾರ್ಕ್ಟಿಕಾದ ಶಾಂತಿಯುತ ಬಳಕೆ ಬಗ್ಗೆ ಚರ್ಚೆ ಆಗಲಿ ಅಂತ ಕೇಳಿತ್ತು. 1958ರಲ್ಲಿ ಮತ್ತೆ ಕೇಳಿತು. ಅರ್ಜೆಂಟೀನಾ, ಚಿಲಿಯಂಥ ದೇಶಗಳು ವಿರೋಧಿಸಿದವು, ಚರ್ಚೆ ಆಗಲಿಲ್ಲ. ಮರುವರ್ಷ ಆದ ಒಪ್ಪಂದದಲ್ಲಿ ಭಾರತ ಇರಲಿಲ್ಲ. ನಾವು ಒಳಗೆ ಹೋದದ್ದು 1983ರಲ್ಲಿ, ಗೋವಾದಿಂದ ಹೊರಟ ಮೊದಲ ಯಾತ್ರೆ ಮುಗಿದ ಮೇಲೆ.

ಇಲ್ಲಿಯವರೆಗೆ ಹೇಳಿದ್ದು ಹಿಮದ ಮೇಲಿನ ಕಥೆ. ಈಗ ಹಿಮದ ಕೆಳಗೆ ಹೋಗೋಣ.

1957ರಲ್ಲಿ ಅಂತರರಾಷ್ಟ್ರೀಯ ಭೂಭೌತ ವರ್ಷದ, ಅಂದರೆ ಹಲವು ದೇಶಗಳು ಸೇರಿ ಭೂಮಿಯನ್ನು ಅಧ್ಯಯನ ಮಾಡಿದ ಕಾರ್ಯಕ್ರಮದ ಅಂಗವಾಗಿ ಅಮೆರಿಕ ಮೇರಿ ಬರ್ಡ್ ಲ್ಯಾಂಡಿನ ಒಳಗೆ, 80 ಡಿಗ್ರಿ ದಕ್ಷಿಣದಲ್ಲಿ ಬರ್ಡ್ ನಿಲ್ದಾಣ ಕಟ್ಟಿತು. ಅಲ್ಲಿಗೆ ಬಂದವರಲ್ಲಿ 27ರ ಯುವಕ ಚಾರ್ಲ್ಸ್ ಬೆಂಟ್ಲಿ ಒಬ್ಬ. ಬಂದವನು ಎರಡು ವರ್ಷದ ಮೇಲೆ ಅಲ್ಲೇ ಉಳಿದ. ಅವನ ಕೆಲಸ ಹಿಮ ಎಷ್ಟು ದಪ್ಪ ಇದೆ ಅಂತ ಅಳೆಯುವುದು.

ಅಳೆಯುವ ಬಗೆ ಹೀಗೆ. ಪಟ್ಟಿ ಚಕ್ರದ ಗಾಡಿಗಳಲ್ಲಿ ಹೊರಡಬೇಕು. ಒಂದು ಕಡೆ ನಿಂತು ಹಿಮದಲ್ಲಿ ತೂತು ಕೊರೆದು ಸಿಡಿಮದ್ದು ಇಡಬೇಕು. ಸುತ್ತ ಸದ್ದು ಹಿಡಿಯುವ ಉಪಕರಣ ಹೂಳಬೇಕು. ಮದ್ದು ಸಿಡಿದಾಗ ಅದರ ಅಲೆ ಹಿಮದೊಳಗೆ ಇಳಿದು, ತಳದ ಬಂಡೆಗೆ ಬಡಿದು, ಮೇಲೆ ಬರುತ್ತದೆ. ಹಿಮದಲ್ಲಿ ಆ ಅಲೆಯ ವೇಗ ಸೆಕೆಂಡಿಗೆ ಸುಮಾರು 3,800 ಮೀಟರ್. ಹೋಗಿ ಬರಲು ಒಂದು ಸೆಕೆಂಡ್ ಹಿಡಿದರೆ ಹಿಮದ ದಪ್ಪ 1,900 ಮೀಟರ್. ಲೆಕ್ಕ ಸುಲಭ. ಮಾಡುವ ಜಾಗ ಮಾತ್ರ ಮೈನಸ್ 30 ಡಿಗ್ರಿ, ಕಾಣದ ಬಿರುಕುಗಳ ನಡುವೆ.

ನೆಲದಿಂದ ಬಂದ ಉತ್ತರ ನೋಡಿ ಬೆಂಟ್ಲಿಯ ತಂಡ ಬೆರಗಾಯಿತು. ಅಲ್ಲಿ ಹಿಮದ ಮೇಲ್ಮೈ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ. ಕೆಳಗಿನ ಹಿಮದ ದಪ್ಪ ಕೆಲವು ಕಡೆ 4,000 ಮೀಟರ್. ಕಳೆದು ನೋಡಿ. ಬಂಡೆ ಇರುವುದು ಸಮುದ್ರ ಮಟ್ಟಕ್ಕಿಂತ ಎರಡೂವರೆ ಕಿ.ಮೀ. ಕೆಳಗೆ! ಬರ್ಡ್ ವಿಮಾನದಿಂದ ನೋಡಿ ‘ಲ್ಯಾಂಡ್’ ಅಂದದ್ದರಲ್ಲಿ ಬಹುಪಾಲು ಸಮುದ್ರದ ತಳದ ಮೇಲೆ ಕೂತಿರುವ ಹಿಮ. ಹಿಮ ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಒಂದಿಷ್ಟು ಜ್ವಾಲಾಮುಖಿಗಳ ದ್ವೀಪಗಳು, ಸುತ್ತ ನೀರು. ಆ ಆಳದ ಕಣಿವೆಗೆ ಈಗ ಬೆಂಟ್ಲಿಯ ಹೆಸರೇ ಇದೆ. ಚಂದಾ ಕೊಡದೆ, ಕೆಲಸ ಮಾಡಿ ಪಡೆದ ಹೆಸರು.

1968ರ ಜನವರಿಯಲ್ಲಿ ಅದೇ ಬರ್ಡ್ ನಿಲ್ದಾಣದಲ್ಲಿ ಇನ್ನೊಂದು ಕೆಲಸ ಆಯಿತು. ಅಂಟಾರ್ಕ್ಟಿಕಾದ ಹಿಮದ ಹಾಸನ್ನು ಮೊದಲ ಸಲ ತಳದವರೆಗೆ ಕೊರೆದರು. 2,164 ಮೀಟರ್. ಕೊರೆಯುವ ಯಂತ್ರ ತಳ ಮುಟ್ಟಿದಾಗ ನೀರು ಉಕ್ಕಿ ಬಂತು. ಮೇಲೆ ಅಷ್ಟು ಚಳಿ, ಕೆಳಗೆ ನೀರು. ಭೂಮಿಯ ಒಡಲಿನ ಶಾಖ ಮೇಲೆ ಹೋಗದಂತೆ ಎರಡು ಕಿ.ಮೀ. ಹಿಮವೇ ಮುಚ್ಚಿಕೊಂಡಿದೆ, ಅದರ ಭಾರಕ್ಕೆ ಹಿಮ ಕರಗುವ ಬಿಂದುವೂ ಸ್ವಲ್ಪ ಇಳಿಯುತ್ತದೆ. ತಳದಲ್ಲಿ ನೀರಿದ್ದರೆ ಹಿಮ ಜಾರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಬರ್ಡ್ ನಿಲ್ದಾಣ ಆಮೇಲೆ ಹೆಚ್ಚು ಕಾಲ ಬಾಳಲಿಲ್ಲ. ಮೊದಲ ಕಟ್ಟಡಗಳನ್ನು ಹಿಮ ಕೆಲವೇ ವರ್ಷಗಳಲ್ಲಿ ಹಿಸುಕಿತ್ತು. ಎರಡನೆಯದನ್ನು ಹಿಮದೊಳಗೇ ಕಟ್ಟಿದರು. 1972ರಲ್ಲಿ ಅದನ್ನೂ ಬಿಟ್ಟು, ಬೇಸಿಗೆಯ ಬಿಡಾರ ಮಾತ್ರ ಮಾಡಿಕೊಂಡರು.

ಈ ಎರಡು ಸಂಗತಿ ಸೇರಿಸಿ ನೋಡಿದವರಲ್ಲಿ ಹಿಮನದಿಗಳ ವಿಜ್ಞಾನಿ ಜಾನ್ ಮರ್ಸರ್ ಮುಖ್ಯ. 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವನ ಲೇಖನ ಬಂತು. ಕಾರ್ಬನ್ ಡೈಆಕ್ಸೈಡ್ ಹೀಗೇ ಏರಿದರೆ ಪಶ್ಚಿಮ ಅಂಟಾರ್ಕ್ಟಿಕಾದ, ಅಂದರೆ ಮೇರಿ ಬರ್ಡ್ ಲ್ಯಾಂಡ್ ಇರುವ ಭಾಗದ ಹಿಮ ಕುಸಿಯಬಹುದು ಅಂತ ಅವನ ವಾದ. ಆಗ ಅದು ಅತಿರೇಕ ಅನ್ನಿಸಿತ್ತು. ಮೂರು ವರ್ಷದ ಮೇಲೆ ಟೆರೆನ್ಸ್ ಹ್ಯೂಸ್ ಅನ್ನುವ ಇನ್ನೊಬ್ಬ ಹಿಮವಿಜ್ಞಾನಿ ಆ ಹಿಮದ ಮರ್ಮಸ್ಥಾನ ಎಲ್ಲಿದೆ ಅಂತಲೂ ತೋರಿಸಿದ. ಅಮುಂಡ್ಸೆನ್ ಸಮುದ್ರಕ್ಕೆ ಬಂದು ಸೇರುವ ಎರಡು ಹಿಮನದಿಗಳು, ಪೈನ್ ಐಲ್ಯಾಂಡ್ ಮತ್ತು ಥ್ವೇಟ್ಸ್.

ಥ್ವೇಟ್ಸ್ ಅನ್ನುವುದು ವಿಸ್ಕಾನ್ಸಿನ್‌ನ ಒಬ್ಬ ಭೂವಿಜ್ಞಾನದ ಪ್ರಾಧ್ಯಾಪಕರ ಹೆಸರು. ಹಿಮನದಿ ಎಷ್ಟು ದೊಡ್ಡದು? ಸುಮಾರು 1,92,000 ಚದರ ಕಿ.ಮೀ. ನಮ್ಮ ಕರ್ನಾಟಕ 1,91,791. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯ ಒಂದೇ ಹಿಮನದಿ ಅಂದುಕೊಳ್ಳಿ. ಅದರ ಮುಂಭಾಗದ ಅಗಲ 120 ಕಿ.ಮೀ., ಭೂಮಿಯ ಮೇಲಿನ ಅತಿ ಅಗಲದ ಹಿಮನದಿ. ಅದು ಸುಮ್ನೆ ನಿಂತಿಲ್ಲ. ಸಮುದ್ರದ ಹತ್ತಿರ ಕೆಲವು ಕಡೆ ವರ್ಷಕ್ಕೆ ಎರಡು ಕಿ.ಮೀ.ಗೂ ಜಾಸ್ತಿ ಮುಂದೆ ಸಾಗುತ್ತದೆ. ಮೇಲೆ ಬೀಳುವ ಹಿಮಕ್ಕಿಂತ ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಜಾಸ್ತಿ ಕಳೆದುಕೊಳ್ಳುತ್ತಿದೆ. ಪ್ರಪಂಚದ ಸಮುದ್ರ ಮಟ್ಟ ಈಗ ಏರುತ್ತಿರುವುದರಲ್ಲಿ ಶೇ. 4ರಷ್ಟು ಪಾಲು ಇದೊಂದರದ್ದೇ.

ಯಾಕೆ ಹೀಗೆ? ಗಾಳಿಯ ಬಿಸಿಯಿಂದಲ್ಲ. ಅಲ್ಲಿ ಗಾಳಿ ಯಾವಾಗಲೂ ತಣ್ಣಗೆ. ಕರಗಿಸುವುದು ಸಮುದ್ರದ ಆಳದ ನೀರು. ಅದರ ಉಷ್ಣತೆ ಸುಮಾರು 1 ಡಿಗ್ರಿ. ನಮಗೆ ಅದು ಕೊರೆಯುವ ಚಳಿ, ಹಿಮಕ್ಕೆ ಬಿಸಿ. ಉಪ್ಪು ಜಾಸ್ತಿ ಇರುವುದರಿಂದ ಭಾರ, ತಳದಲ್ಲೇ ಹರಿಯುತ್ತದೆ. ಹಿಂದಿನ ಕಾಲದ ಹಿಮನದಿಗಳು ಕೊರೆದ ಕಾಲುವೆಗಳಲ್ಲಿ ನುಗ್ಗಿ ಹಿಮದ ಬುಡಕ್ಕೆ ಬರುತ್ತದೆ. ಬೇರೆ ಕಡೆಯಾದರೆ ಹಿಮ ಸ್ವಲ್ಪ ಹಿಂದೆ ಸರಿದು, ಎತ್ತರದ ನೆಲ ಸಿಕ್ಕಿದ ಮೇಲೆ ನಿಲ್ಲುತ್ತಿತ್ತು. ಇಲ್ಲಿ ನೆಲ ಬಾಣಲೆಯ ಹಾಗಿದೆ. ಅಂಚು ಮೇಲೆ, ಒಳಕ್ಕೆ ಹೋದಷ್ಟೂ ಆಳ. ಹಿಂದೆ ಸರಿದಂತೆ ನೀರಿಗೆ ಒಡ್ಡಿಕೊಳ್ಳುವ ಹಿಮದ ಗೋಡೆ ಇನ್ನಷ್ಟು ದಪ್ಪವಾಗುತ್ತದೆ, ಸಮುದ್ರಕ್ಕೆ ಹರಿಯುವ ಹಿಮವೂ ಹೆಚ್ಚುತ್ತದೆ. 1992ರಿಂದ 2011ರವರೆಗಿನ ಉಪಗ್ರಹದ ಅಳತೆಗಳಲ್ಲಿ, ಹಿಮ ನೆಲ ಬಿಟ್ಟು ತೇಲಲು ಶುರುವಾಗುವ ಗೆರೆ ಥ್ವೇಟ್ಸ್‌ನಲ್ಲಿ 14 ಕಿ.ಮೀ. ಒಳಕ್ಕೆ ಸರಿದದ್ದು ಕಂಡಿತು.

2018ರಲ್ಲಿ ಅಮೆರಿಕ ಮತ್ತು ಬ್ರಿಟನ್ ಸೇರಿ ಇದನ್ನು ಅಧ್ಯಯನ ಮಾಡುವ ದೊಡ್ಡ ಯೋಜನೆ ಶುರುಮಾಡಿದವು. ಅಮೆರಿಕದ ಮುಖ್ಯ ನೆಲೆ ಮೆಕ್‌ಮರ್ಡೊದಿಂದ ಅಲ್ಲಿಗೆ ಸುಮಾರು 1,600 ಕಿ.ಮೀ. ಬಿರುಗಾಳಿ ಎದ್ದರೆ ವಿಮಾನ ವಾರಗಟ್ಟಲೆ ಇಳಿಯುವುದಿಲ್ಲ. 2020ರ ಜನವರಿಯಲ್ಲಿ ಅವರು ಬಿಸಿನೀರು ಹಾಯಿಸಿ ಸುಮಾರು 600 ಮೀಟರ್ ಹಿಮವನ್ನು ತೂತು ಮಾಡಿದರು. ಅದರೊಳಗಿಂದ ಐಸ್‌ಫಿನ್ ಅನ್ನುವ ರೋಬೋಟ್ ಇಳಿಸಿದರು. ಉದ್ದ ಮೂರೂವರೆ ಮೀಟರ್, ತೆಳ್ಳಗಿನ ಕೊಳವೆಯಂಥದ್ದು. ಹಿಮ ನೆಲ ಬಿಡುವ ಆ ಗೆರೆಯನ್ನು ಕ್ಯಾಮೆರಾದಲ್ಲಿ ಮೊದಲ ಸಲ ಕಂಡರು. ಕಂಡದ್ದು ಎಣಿಸಿದ ಹಾಗಿರಲಿಲ್ಲ. ಹಿಮದ ತಳ ಸಪಾಟಾಗಿದ್ದ ಕಡೆ ಕರಗುವುದು ನಿಧಾನ. ಕರಗಿದ ಸಿಹಿನೀರೇ ತೆಳುವಾದ ಪದರವಾಗಿ ಬಿಸಿನೀರನ್ನು ದೂರ ಇಟ್ಟಿತ್ತು. ಆದರೆ ಬಿರುಕುಗಳಲ್ಲಿ, ಮೆಟ್ಟಿಲು ಮೆಟ್ಟಿಲಾದ ಗೋಡೆಗಳಲ್ಲಿ ಹಿಮ ಜೋರಾಗಿ ಕರಗುತ್ತಿತ್ತು. ಒಟ್ಟು ಕರಗುವುದು ಅಂದುಕೊಂಡದ್ದಕ್ಕಿಂತ ಕಡಿಮೆ, ಆದರೂ ಹಿಮ ಹಿಂದೆ ಸರಿಯುತ್ತಲೇ ಇದೆ. ಅಂದರೆ ಅದನ್ನು ಅಲುಗಾಡಿಸಲು ತೀರ ಹೆಚ್ಚು ಬಿಸಿ ಬೇಕಿಲ್ಲ. ನನಗೆ ಇದು ಸಮಾಧಾನದ ಸುದ್ದಿ ಅನ್ನಿಸಲಿಲ್ಲ.

ಪತ್ರಿಕೆಗಳು ಇದಕ್ಕೆ ‘ಪ್ರಳಯದ ಹಿಮನದಿ’ ಅಂತ ಅಡ್ಡಹೆಸರು ಇಟ್ಟಿವೆ. ವಿಜ್ಞಾನಿಗಳಲ್ಲಿ ಹಲವರಿಗೆ ಈ ಹೆಸರು ಸೇರುವುದಿಲ್ಲ. ನನಗೂ ಸೇರುವುದಿಲ್ಲ. ಪ್ರಳಯ ಅಂದರೆ ಒಂದು ರಾತ್ರಿಯಲ್ಲಿ ಮುಗಿಯುವುದು, ಯಾರ ಕೈಯಲ್ಲೂ ಇಲ್ಲದ್ದು. ಇದು ಹಾಗಲ್ಲ. ಥ್ವೇಟ್ಸ್ ಪೂರ್ತಿ ಹೋದರೆ ಸಮುದ್ರ ಸುಮಾರು 65 ಸೆಂ.ಮೀ. ಏರುತ್ತದೆ. ಅದರ ಹಿಂದಿನ ಪಶ್ಚಿಮ ಅಂಟಾರ್ಕ್ಟಿಕಾದ ಹಿಮವೂ ಹಿಂಬಾಲಿಸಿದರೆ 3 ಮೀಟರಿಗೂ ಜಾಸ್ತಿ. ಆದರೆ ಅದಕ್ಕೆ ಶತಮಾನಗಳು ಹಿಡಿಯುತ್ತವೆ. 2024ರಲ್ಲಿ ಆ ಜಂಟಿ ಯೋಜನೆಯವರು ಹೇಳಿದ್ದು, ಈ ಶತಮಾನದಲ್ಲೂ ಮುಂದಿನದರಲ್ಲೂ ಹಿಮ ಸರಿಯುವ ವೇಗ ಹೆಚ್ಚುತ್ತದೆ, 23ನೇ ಶತಮಾನದೊಳಗೆ ಬಹುಪಾಲು ಹೋಗಬಹುದು ಅಂತ. ನಾವು ಎಷ್ಟು ಇಂಧನ ಸುಡುತ್ತೇವೆ ಅನ್ನುವುದರ ಮೇಲೆ ಆ ವೇಗ ನಿಂತಿದೆ.

ನಮ್ಮ ಕಡೆಗೆ ಇದರ ಸಂಬಂಧ ಏನು ಅಂತ ಕೇಳಿದರೆ, ಒಂದು ವಿಚಿತ್ರ ಹೇಳುತ್ತೇನೆ. ಕರಗಿದ ಹಿಮದ ನೀರು ಪ್ರಪಂಚದ ತುಂಬ ಸಮನಾಗಿ ಹರಡುವುದಿಲ್ಲ. ಅಷ್ಟು ದೊಡ್ಡ ಹಿಮದ ರಾಶಿ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತದೆ. ಹಿಮ ಕಡಿಮೆಯಾದರೆ ಆ ಎಳೆತ ಸಡಿಲವಾಗುತ್ತದೆ. ಅಂಟಾರ್ಕ್ಟಿಕಾದ ಪಕ್ಕದಲ್ಲಿ ಸಮುದ್ರ ಇಳಿಯುತ್ತದೆ, ದೂರದಲ್ಲಿ ಏರುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾ ಕರಗಿದರೆ ಸರಾಸರಿಗಿಂತ ಜಾಸ್ತಿ ಏರುವ ಕಡೆಗಳು ಉತ್ತರ ಅಮೆರಿಕದ ಕರಾವಳಿ ಮತ್ತು ಹಿಂದೂ ಮಹಾಸಾಗರ. ಹತ್ತಿರ ಇದ್ದವರಿಗಿಂತ ದೂರ ಇದ್ದವರಿಗೆ ಪೆಟ್ಟು ಜಾಸ್ತಿ. ಉಳ್ಳಾಲದ ಕಡಲ್ಕೊರೆತಕ್ಕೆಲ್ಲ ಥ್ವೇಟ್ಸ್ ಕಾರಣ ಅಂತ ದಯವಿಟ್ಟು ಹೇಳಬೇಡಿ. ಅದಕ್ಕೆ ಮಳೆಗಾಲದ ಅಲೆ, ಮರಳು, ನಾವೇ ಕಟ್ಟಿದ ತಡೆಗೋಡೆ ಹೀಗೆ ಹಲವು ಕಾರಣ ಇವೆ. ಆದರೆ ಕುಮಟಾ ಕಡೆಯ ಗಜನಿ ಗದ್ದೆಗಳಂಥ ತಗ್ಗು ನೆಲಕ್ಕೆ ಅರ್ಧ ಮೀಟರ್ ಅಂದರೆ ಸಣ್ಣ ಸಂಖ್ಯೆ ಅಲ್ಲ. ಉಪ್ಪುನೀರು ತಡೆಯುವ ಕಗ್ಗ ಭತ್ತಕ್ಕೂ ಒಂದು ಮಿತಿ ಇದೆ.

ಭಾಷಣ ಇಲ್ಲಿಗೆ ಮುಗಿದಿತ್ತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: ಯಾರದ್ದೂ ಅಲ್ಲ ಅಂದಮೇಲೆ ಭಾರತ ಯಾಕೆ ಹಕ್ಕು ಹೇಳಬಾರದು? ಒಪ್ಪಂದ ಜಾರಿಯಲ್ಲಿರುವವರೆಗೆ ಹೊಸ ಹಕ್ಕು ಯಾರೂ ಹೇಳುವಂತಿಲ್ಲ, ನಾವೂ ಅದಕ್ಕೆ ಸಹಿ ಹಾಕಿದ್ದೇವೆ. ಒಪ್ಪಂದ ಕಟ್ಟಿಹಾಕುವುದು ದೇಶಗಳನ್ನು, ವ್ಯಕ್ತಿಗಳನ್ನಲ್ಲ ಅಂತ ವಾದಿಸಿ 2001ರಲ್ಲಿ ಅಮೆರಿಕದ ಒಬ್ಬ ವ್ಯಕ್ತಿ ಮೇರಿ ಬರ್ಡ್ ಲ್ಯಾಂಡನ್ನು ತನ್ನ ರಾಜ್ಯ ಅಂತ ಘೋಷಿಸಿಕೊಂಡ. ಅದಕ್ಕೆ ವೆಸ್ಟಾರ್ಕ್ಟಿಕಾ ಅಂತ ಹೆಸರೂ ಇದೆ. ಯಾವ ದೇಶವೂ ಒಪ್ಪಿಲ್ಲ.

ಇನ್ನೊಬ್ಬರು, ‘2048ರಲ್ಲಿ ಒಪ್ಪಂದ ಮುಗಿಯುತ್ತದಂತೆ, ಆಮೇಲೆ ಗಣಿ ಶುರುವಂತೆ’ ಅಂದರು. ಇದು ವಾಟ್ಸಾಪಿನಲ್ಲಿ ಓಡಾಡುವ ಮಾತು. ಗಣಿಗಾರಿಕೆ ನಿಷೇಧಿಸಿದ ಮ್ಯಾಡ್ರಿಡ್ ಒಡಂಬಡಿಕೆಗೆ 1991ರಲ್ಲಿ ಸಹಿ ಆಯಿತು, 1998ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಗಿಯುವ ದಿನಾಂಕವೇ ಇಲ್ಲ. 2048ರ ನಂತರ ಯಾವುದಾದರೂ ದೇಶ ಪುನರ್ವಿಮರ್ಶೆ ಕೇಳಬಹುದು, ಅಷ್ಟೇ. ಕೇಳಿದರೂ ಬದಲಾಯಿಸುವುದು ಸುಲಭವಿಲ್ಲ.

ಕೊನೆಯ ಪ್ರಶ್ನೆ ಒಬ್ಬ ನಿವೃತ್ತ ಇಂಜಿನಿಯರ್ ಅವರದ್ದು. ಬಿಸಿನೀರು ಕಾಲುವೆಯಲ್ಲೇ ಬರುತ್ತದೆ ಅಂತಾದರೆ ಅಡ್ಡ ಏನಾದರೂ ಕಟ್ಟಬಾರದೇ? ಒಳ್ಳೆಯ ಪ್ರಶ್ನೆ. ಕೆಲವು ವಿಜ್ಞಾನಿಗಳು ಗಂಭೀರವಾಗಿಯೇ ಈ ಲೆಕ್ಕ ಹಾಕಿದ್ದಾರೆ. ಸಮುದ್ರದ ತಳಕ್ಕೆ ಬಿಗಿದು, ನೀರಿನಲ್ಲಿ ಎದ್ದು ನಿಲ್ಲುವ ಬಾಗುವ ಪರದೆಗಳು. ಉದ್ದ ಹತ್ತಾರು ಕಿ.ಮೀ.; ಖರ್ಚು ಸಾವಿರಾರು ಕೋಟಿ ಡಾಲರ್. ಬಹಳಷ್ಟು ಹಿಮವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಕೆಲಸ ಮಾಡುತ್ತದೆ ಅನ್ನುವ ಖಾತ್ರಿ ಇಲ್ಲ, ಅಲ್ಲಿನ ಜೀವಿಗಳಿಗೆ ಏನಾಗುತ್ತದೋ ಗೊತ್ತಿಲ್ಲ, ಇಂಧನ ಕಡಿಮೆ ಮಾಡುವ ಮಾತನ್ನು ಮುಂದೂಡಲು ನೆಪ ಸಿಗುತ್ತದೆ ಅಂತ ಅವರ ವಾದ. ನನ್ನ ಒಲವೂ ಆ ಕಡೆಗೇ. ಒಂದು ವೇಳೆ ಕಟ್ಟಲು ಹೊರಟರೂ ಅನುಮತಿ ಕೊಡುವ ಮಾಲೀಕ ಅಲ್ಲಿ ಯಾರೂ ಇಲ್ಲ. ನಿರ್ಧಾರ ಅಂಟಾರ್ಕ್ಟಿಕ್ ಒಪ್ಪಂದದ ಸಲಹಾ ಸಭೆಗೆ ಬರಬೇಕು. ಅಲ್ಲಿ ಮತ ಇರುವ ದೇಶಗಳು 29. ಬಹುಮತ ಸಾಲದು, ಯಾರೊಬ್ಬರೂ ಬೇಡ ಅನ್ನಬಾರದು. 2024ರ ಮೇ ತಿಂಗಳಲ್ಲಿ ಆ ಸಭೆ ನಡೆದದ್ದು ನಮ್ಮ ಪಕ್ಕದ ಕೊಚ್ಚಿಯಲ್ಲಿ. ಆ 29ರಲ್ಲಿ ಭಾರತವೂ ಒಂದು.